ಜಿಲ್ಲೆಗಳನ್ನು ಓದುವ ಬಗೆ

ಕೆಎಎಸ್ ಪರೀಕ್ಷೆಗೆ ಸಿದ್ಧರಾಗುವವರ ಮೇಜಿನ ಮೇಲೆ ಜಿಲ್ಲಾವಾರು ಮಾಹಿತಿಯ ಕೈಪಿಡಿಯೊಂದು ಇದ್ದೇ ಇರುತ್ತದೆ. 31 ಜಿಲ್ಲೆಗಳ ನದಿ, ಅಣೆಕಟ್ಟು, ಕೋಟೆ, ಬೆಳೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರಕ್ಕೂ ಎರಡು ಪುಟ. ಪೂರ್ವಭಾವಿ ಪರೀಕ್ಷೆಗೆ ಇಷ್ಟು ಸಾಕು. ತಹಶೀಲ್ದಾರರ ಕುರ್ಚಿಗೆ ಸಾಲದು.

ಭೂಮಿಯ ವಿಷಯವನ್ನೇ ನೋಡಿ. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆ, ಹಳೆ ಮೈಸೂರಿನ ಸೊಪ್ಪಿನಬೆಟ್ಟ: ಈ ಜಮೀನುಗಳ ಮೇಲಿನ ಸೌಲಭ್ಯಗಳನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಪ್ರದೇಶವಾರು ಹೆಸರಿಸಿಯೇ ಮುಂದುವರಿಸಿದೆ. 1956ರಲ್ಲಿ ಒಂದಾದ ಸೀಮೆಗಳು ತಮ್ಮೊಂದಿಗೆ ತಂದ ಬೇರೆ ಬೇರೆ ಆಡಳಿತಗಳ ಗುರುತು ಅದು. ಕಲಬುರಗಿಯಲ್ಲಿ ಬೆಳೆದ ಅಧಿಕಾರಿಗೆ, ಪುತ್ತೂರಿನ ಕೃಷಿಕನೊಬ್ಬ ಸರ್ಕಾರಿ ಜಾಗದಿಂದ ಸೊಪ್ಪು ಸೌದೆ ತರುವುದು ಮೊದಲ ನೋಟಕ್ಕೆ ಒತ್ತುವರಿಯಂತೆಯೇ ಕಂಡೀತು. ಕುಮ್ಕಿ ಎಂಬ ಪದ ಕೈಪಿಡಿಯಲ್ಲಿಲ್ಲದಿದ್ದರೆ ಅದರ ಬೆಲೆ ತೆರುವವನು ಆ ಕೃಷಿಕ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅಭ್ಯರ್ಥಿಗಳು ಆ ಸಂಖ್ಯೆಯನ್ನು ಉರು ಹೊಡೆಯುತ್ತಾರೆ. ವರದಿಯನ್ನು ತೆರೆಯುವವರು ವಿರಳ. ಅವರನ್ನು ದೂರುವುದು ನ್ಯಾಯವಲ್ಲ. ಕೇಳಿದ್ದನ್ನೇ ತಾನೇ ಓದುವುದು! ಕೃಷ್ಣಾ, ಭೀಮಾ ಎರಡೂ ಹರಿಯುವ ಯಾದಗಿರಿ ಜಿಲ್ಲೆಯಿಂದ ಜನ ಕೂಲಿ ಅರಸಿ ಬೆಂಗಳೂರಿಗೆ ಬರುವುದೇಕೆ ಎಂದು ಮುಖ್ಯ ಪರೀಕ್ಷೆಯಲ್ಲಿ ಕೇಳಲಿ. ಒಂದು ತಾಲ್ಲೂಕಿನ ಮಳೆ, ನೀರಾವರಿ, ಸಾಕ್ಷರತೆಯ ಅಂಕಿಗಳನ್ನು ಮುಂದಿಟ್ಟು, ಮೊದಲು ಯಾವ ಕೆಲಸಕ್ಕೆ ಹಣ ಕೊಡುವಿರಿ ಎಂದು ಕೇಳಲಿ. ಧಾರವಾಡ, ಬೆಂಗಳೂರಿನ ತರಬೇತಿ ಕೇಂದ್ರಗಳು ಮರುವರ್ಷವೇ ತಮ್ಮ ಪಾಠವನ್ನು ಬದಲಿಸಿಕೊಳ್ಳುತ್ತವೆ.