ಫಲಕದ ಮೇಲಣ ಋಣಚಿಹ್ನೆ

ಗೋಡೆಯ ಮೇಲೆ ಬರೆದ ಮಾತಿಗೆ ಪುಸ್ತಕದ ಮಾತಿಗಿಂತ ಹೆಚ್ಚಿನ ಗೌರವ ಸಲ್ಲುತ್ತದೆ. ಪುಸ್ತಕಕ್ಕೆ ಕರ್ತೃವೊಬ್ಬನುಂಟು, ಅವನೊಡನೆ ವಾದ ಹೂಡಬಹುದು. ವಸ್ತುಸಂಗ್ರಹಾಲಯದ ಫಲಕಕ್ಕೆ ಅಂಕಿತವಿಲ್ಲ. ಉಪಾಧ್ಯಾಯರು ಮಕ್ಕಳನ್ನು ಅದರ ಮುಂದೆ ಸಾಲಾಗಿ ನಿಲ್ಲಿಸಿ ಬರೆದುಕೊಳ್ಳಿರೆಂದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಆ ಸಾಲಿನಿಂದ ಒಬ್ಬ ಹುಡುಗ ಹೊರಬಂದು ‘ಇದು ತಪ್ಪು’ ಎಂದರೆ ಸಂಸ್ಥೆಯವರು ಏನು ಮಾಡಬೇಕು? ಅಮೆರಿಕದ ಎರಡು ಸಂಗ್ರಹಾಲಯಗಳಲ್ಲಿ ನಡೆದುದನ್ನು ಒಟ್ಟಿಗಿಟ್ಟು ನೋಡಿದರೆ ಈ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲವೆಂದು ತೋರುತ್ತದೆ.

ಮೊದಲನೆಯದು 2012ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ. ಬೈಜಾಂಟೈನ್ ಸಾಮ್ರಾಜ್ಯದ ಆರನೆಯ ಶತಮಾನದ ಮೇರೆಗಳನ್ನು ತೋರಿಸುವ ಭೂಪಟವೊಂದು ಅಲ್ಲಿತ್ತು. ಚಕ್ರವರ್ತಿ ಜಸ್ಟಿನಿಯನ್ 533-34ರಲ್ಲಿ ವ್ಯಾಂಡಲರನ್ನು ಸೋಲಿಸಿ ಉತ್ತರ ಆಫ್ರಿಕವನ್ನು ಗೆದ್ದುಕೊಂಡ. ಮುಂದೆ ಸ್ಪೇನಿನ ದಕ್ಷಿಣದಂಚೂ ಅವನ ಕೈಸೇರಿತು. ಭೂಪಟದಲ್ಲಿಯಾದರೋ ಸ್ಪೇನೂ ಇರಲಿಲ್ಲ, ಆಫ್ರಿಕದ ಒಂದು ಭಾಗವೂ ಇರಲಿಲ್ಲ. ಶಾಲೆಯಲ್ಲಿ ಆ ಚರಿತ್ರೆಯನ್ನು ಓದಿದ್ದ ಹದಿಮೂರು ವರ್ಷದ ಬಾಲಕನೊಬ್ಬ ಇದನ್ನು ಮುಂಬಾಗಿಲ ಮೇಜಿನ ಬಳಿ ಹೇಳಿದ. ಅಲ್ಲಿದ್ದವರು ಅವನ ಮಾತನ್ನು ನಂಬಿದಂತೆ ಕಾಣಲಿಲ್ಲ. ತುಂಬಿಕೊಡಲು ಒಂದು ನಮೂನೆಯನ್ನು ಮುಂದೆ ಚಾಚಿದರು. ತಿಂಗಳುಗಳು ಉರುಳಿದ ಮೇಲೆ ಆ ವಿಭಾಗದ ವಿದ್ವಾಂಸರಿಂದ ಉತ್ತರ ಬಂತು: ಹುಡುಗ ಹೇಳಿದುದೇ ಸರಿ. ಮೇಜಿನವರು ನಂಬದೆ ಹೋದುದನ್ನು ನಾನು ದೊಡ್ಡ ದೋಷವೆಂದು ಎಣಿಸಲಾರೆ. ಅವರಿಗೆ ಜಸ್ಟಿನಿಯನ್ ತಿಳಿದಿರಬೇಕೆಂಬ ನಿಯಮವೇನೂ ಇಲ್ಲ. ಬಲ್ಲವರ ಬಳಿಗೆ ಕಾಗದ ತಲುಪಬೇಕಾಗಿತ್ತು, ತಲುಪಿತು.

ಎರಡನೆಯದು ಇದಕ್ಕಿಂತ ಸ್ವಾರಸ್ಯವಾದದ್ದು. ಗಣಿತವನ್ನೇ ವಸ್ತುವಾಗಿ ಇಟ್ಟುಕೊಂಡ ಪ್ರದರ್ಶನವೊಂದನ್ನು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1961ರಲ್ಲಿ ರಚಿಸಿದರು. (1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಬರೆದು ಅದರಲ್ಲಿ ನಮ್ಮ ಮನೆಗಳ ತಂಬಿಗೆಯ ಚೆಲುವನ್ನು ಕೊಂಡಾಡಿದವರು ಇವರೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯಿಂದ.) ಈ ಪ್ರದರ್ಶನದ ಒಂದು ಪ್ರತಿ 1981ರಲ್ಲಿ ಬಾಸ್ಟನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಬಂತು. 2015ರಲ್ಲಿ ಅದನ್ನು ನೋಡಿದ ಹದಿನೈದರ ವಿದ್ಯಾರ್ಥಿಯೊಬ್ಬ, ಸುವರ್ಣಾನುಪಾತದ ಸೂತ್ರದಲ್ಲಿ ಧನಚಿಹ್ನೆ ಇರಬೇಕಾದಲ್ಲಿ ಋಣಚಿಹ್ನೆ ಇದೆಯೆಂದು ತಿಳಿಸಿದ. ಸೂತ್ರ ತಪ್ಪೆಂದು ಸಂಸ್ಥೆಯವರು ಒಪ್ಪಿ ಬರೆದರು. ಮೂಲಕ್ಕೆ ಹಾನಿಯಾಗದಂತೆ ಸಾಧ್ಯವಾದರೆ ಮೂರು ಕಡೆಯೂ ತಿದ್ದುವೆವೆಂದರು. 34 ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು ಬಾಲಕನ ಕಣ್ಣಿಗೆ ಬಿತ್ತೆಂದು ಪತ್ರಿಕೆಗಳು ಹಿಗ್ಗಿದವು.

ಆದರೆ ಅದು ತಪ್ಪೇ ಆಗಿರಲಿಲ್ಲ.

ಗೆರೆಯೊಂದನ್ನು ಎರಡು ಅಸಮ ತುಂಡುಗಳಾಗಿ, ಇಡಿಯ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವಂತೆ ಕತ್ತರಿಸಿದರೆ ಬರುವುದು ಸುವರ್ಣಾನುಪಾತ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಸುಮಾರು 1.618, 5ರ ವರ್ಗಮೂಲಕ್ಕೆ 1ನ್ನು ಕೂಡಿಸಿ ಅರ್ಧಮಾಡಿದರೆ ಇದೇ ದೊರೆಯುತ್ತದೆ. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದರೆ ಸುಮಾರು 0.618, 1ನ್ನು ಕೂಡಿಸದೆ ಕಳೆದು ಅರ್ಧಮಾಡಿದರೆ ಇದು. ಎರಡನ್ನೂ ಗುಣಿಸಿದರೆ ಸರಿಯಾಗಿ 1. ಕನ್ನಡ ಓದುವವರಿಗೆ ಇದನ್ನು ಛಂದಸ್ಸಿನಿಂದಲೂ ತೋರಿಸಬಹುದು. ಲಘು ಗುರುಗಳನ್ನು ಬೇರೆಬೇರೆಯಾಗಿ ಜೋಡಿಸಿದರೆ ಮೂರು ಮಾತ್ರೆಯ ಗಣಕ್ಕೆ 3 ರೂಪ, ಕಂದಪದ್ಯದ ನಾಲ್ಕು ಮಾತ್ರೆಯ ಗಣಕ್ಕೆ 5, ಐದು ಮಾತ್ರೆಯದಕ್ಕೆ 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಹೇಮಚಂದ್ರಾಚಾರ್ಯ ಹನ್ನೆರಡನೆಯ ಶತಮಾನದಲ್ಲಿಯೇ ಈ ಲೆಕ್ಕವನ್ನು ಹೇಳಿದ್ದಾನೆ. 8ನ್ನು 5ರಿಂದ ಭಾಗಿಸಿದರೆ 1.6, 5ನ್ನು 8ರಿಂದ ಭಾಗಿಸಿದರೆ 0.625. ಸಾಲು ಬೆಳೆದಷ್ಟೂ ಮೊದಲನೆಯ ಲಬ್ಧ 1.618ಕ್ಕೂ ಎರಡನೆಯದು 0.618ಕ್ಕೂ ಸಮೀಪಿಸುತ್ತ ಹೋಗುತ್ತವೆ. ಇವುಗಳಲ್ಲಿ ಒಂದು ಸರಿ, ಒಂದು ತಪ್ಪು ಎನ್ನುವುದೆಂತು?

ಬಾಸ್ಟನ್ನಿನವರೂ ಕೆಲವೇ ದಿನಗಳಲ್ಲಿ ಇದನ್ನು ಅರಿತರು. ತಮ್ಮ ಫಲಕದಲ್ಲಿರುವುದು ಬಳಕೆಯಲ್ಲಿ ವಿರಳವಾದ ರೀತಿ, ಆದರೂ ನಿರ್ದುಷ್ಟವಾದದ್ದೇ ಎಂದು ಪ್ರಕಟಿಸಿದರು, ಹುಡುಗನನ್ನು ಹಳಿಯಲಿಲ್ಲ. ಹಳಿಯಬೇಕಾದದ್ದೂ ಇಲ್ಲ. ಅವನು ತಾನು ಕಲಿತ ಸೂತ್ರವನ್ನು ಎದುರಿನ ಸೂತ್ರದೊಡನೆ ಹೋಲಿಸಿದ, ವ್ಯತ್ಯಾಸವನ್ನು ಕಂಡ, ಹೇಳಿದ. ನೋಡುಗನ ಕರ್ತವ್ಯ ಅಲ್ಲಿಗೆ ಮುಗಿಯಿತು. ಲೆಕ್ಕವನ್ನು ಮತ್ತೊಮ್ಮೆ ಮಾಡಿನೋಡುವ ಹೊಣೆ ಫಲಕವನ್ನು ನಿಲ್ಲಿಸಿದವರದು. ಅವರು ಮೊದಲ ಉತ್ತರದಲ್ಲಿ ಸೌಜನ್ಯವನ್ನು ತೋರಿದರು, ಪರಿಶೀಲನೆಯನ್ನು ಬಿಟ್ಟರು. ನ್ಯೂಯಾರ್ಕಿನ ಮೇಜಿನವರ ಸಂಶಯಕ್ಕಿಂತ ಈ ಸೌಜನ್ಯವೇ ಹೆಚ್ಚು ಅಪಾಯದ್ದೆಂದು ನನಗನ್ನಿಸುತ್ತದೆ. ಸಂಶಯ ಪಟ್ಟಲ್ಲಿ ಒಂದು ತಪ್ಪು ಕೆಲವು ತಿಂಗಳು ಹೆಚ್ಚು ಉಳಿಯಿತು. ಇಲ್ಲಿ, ಮರುಲೆಕ್ಕ ಬರುವ ಮೊದಲೇ ಯಾರಾದರೂ ಬಣ್ಣ ಕುಂಚ ಹಿಡಿದು ಹೊರಟಿದ್ದರೆ, ಸರಿಯಾದುದೊಂದು ಅಳಿಸಿಹೋಗುತ್ತಿತ್ತು. ಹೊಗಳಿಕೆಯ ಸದ್ದಿನಲ್ಲಿ ಅದನ್ನು ಮರಳಿ ಬರೆಯುವವರು ಸಿಗುತ್ತಿದ್ದರೇ ಎಂಬುದೂ ಸಂದೇಹ.

ಹಾಗೆಂದು ಫಲಕ ನಿರಪರಾಧಿಯೆ? ಒಂದು ಮಾತು ಅದರ ಮೇಲೂ ಬರುತ್ತದೆ. ಶಾಲೆಯ ಪುಸ್ತಕ 1.618 ಎನ್ನುವಾಗ, ತಾನು ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದ ಲಬ್ಧವನ್ನು ಕೊಡುತ್ತಿದ್ದೇನೆಂದು ಎಳೆಯರಿಗೆ ಕಾಣುವಂತೆ ಹೇಳಬೇಡವೆ? ಜಾಗರೂಕನಾದ ವಿದ್ಯಾರ್ಥಿಯೇ ಅದರ ಮುಂದೆ ಎಡವಿದನೆಂದ ಮೇಲೆ, ಅಜಾಗರೂಕರು ಏನನ್ನು ಬರೆದುಕೊಂಡು ಹೋಗಿರಬಹುದು! ಚಿಹ್ನೆಯನ್ನು ಮುಟ್ಟಬೇಕಾದ ಕಾರಣವಿರಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಲು ಆ ಹುಡುಗನ ಕಾಗದವೇ ಸಾಕಷ್ಟು ಕಾರಣವಾಗಿತ್ತು.