ಹಾರುವ ಮೊದಲೇ ಹಾರವೇ?

ಕಾರಿನ ಎಂಜಿನ್ನಿಗೆ ರೆಕ್ಕೆ ಕಟ್ಟಿ ಹಾರಲು ಹೊರಟ ಹುಡುಗನ ಚಿತ್ರ ಪತ್ರಿಕೆಯಲ್ಲಿ ಬಂದರೆ ಸಾಕು, ನಮ್ಮ ಸಂಘಗಳು ಶಾಲು, ಹಾರ, ಫಲತಾಂಬೂಲ ಹಿಡಿದು ಸಿದ್ಧವಾಗುತ್ತವೆ. ‘ಕನ್ನಡದ ರೈಟ್ ಸಹೋದರ’ ಎಂಬ ಬಿರುದೂ ದೊರೆಯುತ್ತದೆ. ಆ ಎಂಜಿನ್ ನೆಲದ ಮೇಲೆ ಎಷ್ಟು ಗಂಟೆ ಓಡಿದೆಯೆಂದು ಮಾತ್ರ ಯಾರೂ ಕೇಳುವುದಿಲ್ಲ. ಇದು ಪ್ರೋತ್ಸಾಹವಲ್ಲ, ಆ ಹುಡುಗನ ಪ್ರಾಣದೊಡನೆ ಚೆಲ್ಲಾಟ.

ಕಾರಿನ ಎಂಜಿನ್ ಹಾರಲಾರದೆಂದು ನಾನು ವಾದಿಸುತ್ತಿಲ್ಲ. 1929ರಲ್ಲೇ ಅಮೆರಿಕದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನಿನಿಂದ ವಿಮಾನ ಹಾರಿಸಿದರು. ಜರ್ಮನಿಯ ಲಿಂಬಾಖ್ ಕಂಪನಿ ಫೋಕ್ಸ್‌ವ್ಯಾಗನ್ ಎಂಜಿನ್ನನ್ನು ತಿದ್ದಿ ಮೋಟಾರ್ ಗ್ಲೈಡರುಗಳಿಗೆ ಒದಗಿಸಿತು. ಆದರೆ ‘ತಿದ್ದಿ’ ಎಂಬ ಆ ಒಂದು ಮಾತಿನಲ್ಲೇ ಎಲ್ಲ ಕಷ್ಟವೂ ಅಡಗಿದೆ.

1983ರಿಂದ 2014ರವರೆಗೆ ತಯಾರಾದ ಮಾರುತಿ 800ನ್ನೇ ನೋಡಿ. ಅದರ 796 ಸಿ.ಸಿ. ಎಂಜಿನ್ ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುವಾಗ. ಐದಡಿಯ ಪ್ರೊಪೆಲ್ಲರನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 400 ಮೀಟರ್ ಆಗುತ್ತದೆ. ಶಬ್ದದ ವೇಗವೇ ಸುಮಾರು 340. ಆಗ ಗದ್ದಲ ಹೆಚ್ಚು, ಎಳೆತ ಕಡಿಮೆ. ಆದ್ದರಿಂದ ಬೆಲ್ಟ್ ಅಥವಾ ಗೇರು ಹಾಕಿ ಸುತ್ತನ್ನು ಅರ್ಧಕ್ಕೆ ಇಳಿಸಬೇಕು. ಮೂರು ಸಿಲಿಂಡರುಗಳ ಕುಲುಕಾಟವನ್ನು ಆ ಗೇರು ತಾಳಬೇಕು. ರಸ್ತೆಯಲ್ಲಿ ಎಂಜಿನ್ ಪೂರ್ಣ ಶಕ್ತಿಯಲ್ಲಿ ದುಡಿಯುವುದು ಅಪರೂಪ. ಆಕಾಶದಲ್ಲಿ ಬಹುಪಾಲು ಶಕ್ತಿಯನ್ನು ಎಡೆಬಿಡದೆ ಕೊಡಬೇಕು. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯ ಹಂಸ ವಿಮಾನಕ್ಕೆ ಬಳಸಿದ ರೋಟಾಕ್ಸ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ಗುಗಳಿರುವುದು ಶೋಕಿಗಲ್ಲ. ರಸ್ತೆಯಲ್ಲಿ ಕಾರು ನಿಂತರೆ ತಳ್ಳಲು ನಾಲ್ಕು ಜನ ಬರುತ್ತಾರೆ. ಮೇಲೆ ಯಾರು ಬರುತ್ತಾರೆ?

ಬಿರುದು ಕೊಡುವವರಿಗೆ ರೈಟ್ ಸಹೋದರರ ಕಥೆಯಾದರೂ ಪೂರ್ತಿ ಗೊತ್ತಿರಬೇಕು. 1903ರಲ್ಲಿ ಹಾರುವ ಮೊದಲು, 1901ರಲ್ಲೇ, ಅವರು ಗಾಳಿಸುರಂಗ ಕಟ್ಟಿ ಸುಮಾರು 200 ಬಗೆಯ ರೆಕ್ಕೆಗಳನ್ನು ಪರೀಕ್ಷಿಸಿದ್ದರು. ಎಂಜಿನ್ನಿನ ಸುತ್ತನ್ನು ಸರಪಳಿಯಿಂದ ಇಳಿಸಿ ಪ್ರೊಪೆಲ್ಲರಿಗೆ ಕೊಟ್ಟಿದ್ದರು. ಅವರ ಧೈರ್ಯದ ಹಿಂದೆ ಲೆಕ್ಕವಿತ್ತು.

ಸರಕಾರಿ ಗುಮಾಸ್ತನಿಗೆ ಎಲ್ಲಕ್ಕೂ ಕಡತ ಬೇಕೆಂದು ನಗುವವರು ನಗಲಿ. ಇಲ್ಲಿ ಕಡತವೇ ಜೀವರಕ್ಷೆ. ಸಂಘದವರು ಮೊದಲು ಹುಡುಗನ ದಿನಚರಿ ಪುಸ್ತಕ ಕೇಳಲಿ: ಎಷ್ಟು ಗಂಟೆ ಓಡಿಸಿದೆ, ಎಷ್ಟು ಬಿಸಿಯೇರಿತು, ಏನು ಮುರಿಯಿತು, ವಿಮಾನಯಾನ ಇಲಾಖೆಯ ಅನುಮತಿ ಎಲ್ಲಿ? ಶಾಲಿನ ಹಣವನ್ನು ಪೆಟ್ರೋಲಿಗೂ ಅಳತೆಯ ಉಪಕರಣಗಳಿಗೂ ಕೊಡಲಿ. ಹಾರವನ್ನು ಆಮೇಲೆ ಹಾಕೋಣ. ಅದಕ್ಕೆ ಮೊದಲು ಕೊರಳು ಉಳಿಯಲಿ.