ಆಟಿಕೆ ಕಾರೂ ಮಾದರಿ ಕಾರೂ

ಮಾರ್ಗಶಿರದ ಷಷ್ಠಿಗೆ ನಡೆಯುವ ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿ ಜಾತ್ರೆಗೆ ಹೋದ ಮಕ್ಕಳು ಬರಿಗೈಯಲ್ಲಿ ಮನೆಗೆ ಮರಳುವುದುಂಟೆ? ಒಂದು ಪ್ಲಾಸ್ಟಿಕ್ ಕಾರನ್ನಾದರೂ ಹಟ ಮಾಡಿ ಕೊಂಡು ತರುತ್ತಾರೆ. ಆಟಿಕೆ ಅಂಗಡಿಯ ಸಾಲನ್ನು ಗಮನಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅಲ್ಲಿ ಬಸ್ಸು, ಲಾರಿ, ಕಾರು ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ! ಎಲ್ಲಕ್ಕೂ ಒಂದೇ ಗಾತ್ರದ ಪೆಟ್ಟಿಗೆ ಸಾಕಾಗಲಿ ಎಂಬುದು ತಯಾರಕನ ಲೆಕ್ಕ. ಮಾದರಿ ಕಟ್ಟುವವರು ಇದನ್ನು ‘ಬಾಕ್ಸ್ ಸ್ಕೇಲ್’ ಎನ್ನುತ್ತಾರೆ. 1953ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಮ್ಯಾಚ್‌ಬಾಕ್ಸ್’ ಆಟಿಕೆಗಳಿಗೆ ಆ ಹೆಸರು ಬಂದದ್ದೂ ಬೆಂಕಿಪೊಟ್ಟಣದಂಥ ಪುಟ್ಟ ಪೆಟ್ಟಿಗೆಯಿಂದಲೇ. ಆಡಲು ಇವು ಚೆನ್ನ. ಆದರೆ ಇವನ್ನು ‘ಸ್ಕೇಲ್ ಮಾಡೆಲ್’ ಎನ್ನುವಂತಿಲ್ಲ.

ಹಾಗಾದರೆ ಸ್ಕೇಲ್ ಎಂದರೇನು? ಭೂಪಟದ ಮೂಲೆಯಲ್ಲಿ 1:50,000 ಎಂದು ಬರೆದಿರುವುದನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಕಾರಿನ ಮಾದರಿಗೂ ಅದೇ ನಿಯಮ. 1:24 ಎಂದರೆ ನಿಜವಾದ ಕಾರಿನ 24 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್. 24 ಎಂಬ ಈ ಸಂಖ್ಯೆ ವಿಚಿತ್ರವೆನಿಸಬಹುದು. ಅಡಿ-ಅಂಗುಲದಲ್ಲಿ ಓದಿದ ಹಿರಿಯರಿಗೆ ಅದು ಥಟ್ಟನೆ ಹೊಳೆಯುತ್ತದೆ: ಒಂದು ಅಡಿಗೆ ಅರ್ಧ ಅಂಗುಲ, ಅಷ್ಟೇ. 1:43 ಬಂದದ್ದು ಆಟಿಕೆ ರೈಲಿನಿಂದ. ಅಲ್ಲಿ ಅಡಿಗೆ 7 ಮಿಲಿಮೀಟರ್.

ಇಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. 1:18 ದೊಡ್ಡದೋ 1:24 ದೊಡ್ಡದೋ ಎಂದು ಕೇಳಿದರೆ ಹಲವರು 24 ಎಂದೇ ಹೇಳುತ್ತಾರೆ. ಒಂದು ಹೋಳಿಗೆಯನ್ನು ನಾಲ್ಕು ಜನ ಹಂಚಿಕೊಂಡರೆ ಸಿಗುವ ಪಾಲು ದೊಡ್ಡದೋ, ಎಂಟು ಜನ ಹಂಚಿಕೊಂಡರೆ ಸಿಗುವುದು ದೊಡ್ಡದೋ ಎಂದು ಕೇಳಿ ನೋಡಿ, ಉತ್ತರ ತಾನೇ ಸರಿಹೋಗುತ್ತದೆ.

ಈಗ ಬೀದಿಗೆ ಇಳಿಯೋಣ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತರೂ ಅದನ್ನು ನೋಡದ ಪಾಲಕರಿಲ್ಲ. 1986ರ ನಂತರದ ಮಾದರಿಯ ಉದ್ದ 3335 ಮಿ.ಮೀ., ಅಗಲ 1440, ಎತ್ತರ 1405. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಉದ್ದ 139 ಮಿ.ಮೀ., ಅಗಲ 60, ಎತ್ತರ ಸುಮಾರು 58.5. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರಕ್ಕೆ ‘ವೀಲ್‌ಬೇಸ್’ ಎಂದು ಹೆಸರು. ಅದು 2175 ಮಿ.ಮೀ.; ಮಾದರಿಯಲ್ಲಿ 91ಕ್ಕೆ ತುಸು ಕಡಿಮೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ವಿದ್ಯುತ್ ಕಾರು ರೇವಾದ ಉದ್ದ 2638 ಮಿ.ಮೀ. ಮಾತ್ರ, ಮಾದರಿಯಲ್ಲಿ 110. ಎರಡನ್ನೂ ಅಕ್ಕಪಕ್ಕ ಇಟ್ಟರೆ ರೇವಾ ಎಷ್ಟು ಪುಟ್ಟದೆಂದು ಮಾತಿಲ್ಲದೆ ತಿಳಿಯುತ್ತದೆ. ಬಾಕ್ಸ್ ಸ್ಕೇಲಿನ ಆಟಿಕೆಯಲ್ಲಿ ಈ ಸೊಗಸು ಸಿಗದು.

ತೂಕದ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಉದ್ದ, ಅಗಲ, ಎತ್ತರ ಮೂರೂ 24 ಪಟ್ಟು ಕುಗ್ಗುವುದರಿಂದ ಗಾತ್ರ 13,824 ಪಟ್ಟು ಕುಗ್ಗುತ್ತದೆ. ಸುಮಾರು 650 ಕಿಲೋ ತೂಗುವ ಕಾರನ್ನು ಅದೇ ಲೋಹ, ಅದೇ ಗಾಜಿನಲ್ಲಿ ಕುಗ್ಗಿಸಿದರೆ ಅದರ ತೂಕ 47 ಗ್ರಾಂ. ಒಂದು ಕೋಳಿಮೊಟ್ಟೆಯಷ್ಟು!

ಅಂಗಡಿಯಲ್ಲಿ ಸಿಗುವ ಮಾದರಿಗಳಲ್ಲಿ ಎರಡು ಬಗೆ. ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ತಯಾರಿಸಿ, ಬಣ್ಣ ಬಳಿದು ಮಾರುವುದು ‘ಡೈ-ಕಾಸ್ಟ್’. ಬಿಡಿಭಾಗಗಳನ್ನು ಕೊಂಡು ನಾವೇ ಜೋಡಿಸುವುದು ‘ಕಿಟ್’. ಕಿಟ್ಟಿನ ಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ತೊಟ್ಟಿನಿಂದ ಕಾಯಿ ತೂಗಿದಂತೆ ಅಂಟಿಕೊಂಡಿರುತ್ತವೆ. ಆ ಚೌಕಟ್ಟು ‘ಸ್ಪ್ರೂ’. ಭಾಗಗಳನ್ನು ಕೈಯಿಂದ ಮುರಿಯಬಾರದು, ಕಟರ್‌ನಿಂದ ಕತ್ತರಿಸಬೇಕು. ಅಂಚಿನಲ್ಲಿ ತೆಳ್ಳಗೆ ಉಳಿಯುವ ಹೆಚ್ಚುವರಿ ಪ್ಲಾಸ್ಟಿಕ್ ‘ಫ್ಲ್ಯಾಷ್’. ಅದನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಬೇಕು. ಮರಳು ಕಾಗದದ ಸಂಖ್ಯೆ ಹೆಚ್ಚಿದಷ್ಟೂ ಅದು ನಯ ಎಂಬುದು ನೆನಪಿರಲಿ. ಅಂಟು ಹಾಕುವ ಮೊದಲು ಭಾಗಗಳನ್ನು ಸುಮ್ಮನೆ ಜೋಡಿಸಿ ನೋಡುವುದು ‘ಡ್ರೈ ಫಿಟ್’. ಹೊಸಬರು ಬಿಟ್ಟುಬಿಡುವ ಕೆಲಸವೇ ಇದು. ಕಿಟ್ಟಿನ ಪ್ಲಾಸ್ಟಿಕ್ ಸಿಮೆಂಟ್ ಗೋಂದಿನಂತಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ಭಾಗಗಳನ್ನು ಬೆಸೆದುಬಿಡುತ್ತದೆ. ಒಮ್ಮೆ ತಪ್ಪಾಗಿ ಅಂಟಿದ ಬಾಗಿಲು ಅಲ್ಲೇ ಕಾಯಂ. ಅದರ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಚಿಕ್ಕ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ.

ಕಿಟ್ ಇಲ್ಲದೆ, ರಟ್ಟು, ತೆಳು ಮರ, ತಂತಿಗಳಿಂದ ಮೊದಲಿನಿಂದ ಕಟ್ಟುವುದಕ್ಕೆ ‘ಸ್ಕ್ರ್ಯಾಚ್ ಬಿಲ್ಡ್’ ಎಂದು ಹೆಸರು. ವಿಜ್ಞಾನ ಪ್ರದರ್ಶನ ಹತ್ತಿರ ಬಂದಾಗ ಕೆಲವು ಮನೆಗಳಲ್ಲಿ ಅಪ್ಪಂದಿರು ರಾತ್ರಿಯಿಡೀ ಕೂತು ಮಾದರಿ ಮಾಡುವುದುಂಟು, ಬಡಗಿಗೆ ದುಡ್ಡು ಕೊಟ್ಟು ಮಾಡಿಸುವುದೂ ಉಂಟು. ಮರುದಿನ ತೀರ್ಪುಗಾರರು “ಇದು ಎಷ್ಟಕ್ಕೆ ಎಷ್ಟಪ್ಪಾ?” ಎಂದು ಕೇಳಿದಾಗ ಹುಡುಗ ಅಪ್ಪನ ಮುಖ ನೋಡುತ್ತಾನೆ. ಟೇಪು ಹಿಡಿದು ತಾನೇ ಅಳೆದು, ಸೊಟ್ಟಗಾದರೂ ರಟ್ಟಿನಲ್ಲಿ ಕತ್ತರಿಸಿದ ಹುಡುಗಿಗೆ ಉತ್ತರ ಬಾಯಲ್ಲೇ ಇರುತ್ತದೆ. ಪಾಲಕರು ಟೇಪಿನ ಇನ್ನೊಂದು ತುದಿ ಹಿಡಿದರೆ ಸಾಕು.

ಬಣ್ಣಕ್ಕೂ ಸ್ಕೇಲ್ ಉಂಟು. ಬಾಗಿಲ ಸುತ್ತ ಇರುವ 5 ಮಿ.ಮೀ. ಸಂದು ಮಾದರಿಯಲ್ಲಿ 0.2 ಮಿ.ಮೀ. ಮಾತ್ರ. ಒಂದೇ ಸಲ ದಪ್ಪ ಬಳಿದರೆ ಸಂದು ಮುಚ್ಚಿ ಹೋಗುತ್ತದೆ. ಮೊದಲು ಬಣ್ಣ ಕಚ್ಚಿಕೊಳ್ಳಲು ‘ಪ್ರೈಮರ್’, ಅದು ಒಣಗಿದ ಮೇಲೆ ಎರಡು ಮೂರು ತೆಳು ಲೇಪ. ನಂಬರ್ ಪ್ಲೇಟು, ಗೆರೆಗಳಿಗೆ ನೀರಿನಲ್ಲಿ ನೆನೆಸಿ ಜಾರಿಸುವ ‘ಡಿಕ್ಯಾಲ್’ ಕೊನೆಗೆ.

ಕಾರು ಮುಗಿಸಿದ ಮಕ್ಕಳಿಗೆ ರಾಮನಾಥಪುರದ ತೇರನ್ನೇ ಕಟ್ಟುವ ಆಸೆ ಹುಟ್ಟಿದರೆ? ಎತ್ತರ ಅಳೆಯಲು ಏಣಿ ಹತ್ತಬೇಕಿಲ್ಲ. ಬಿಸಿಲಿರುವಾಗ ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ, ಅದೇ ಹೊತ್ತಿಗೆ ತೇರಿನ ನೆರಳನ್ನೂ ಅಳೆಯಬೇಕು. ತೇರಿನ ನೆರಳಿನ ಉದ್ದವನ್ನು ಕೋಲಿನ ನೆರಳಿನ ಉದ್ದದಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ. ತೇರಿನ ನೆರಳನ್ನು ಅಳೆಯುವಾಗ ಚಕ್ರದ ಅಂಚಿನಿಂದಲ್ಲ, ಕಳಶದ ನೇರ ಕೆಳಗಿನ ಜಾಗದಿಂದ, ಅಂದರೆ ತೇರಿನ ನಡುವಿನಿಂದ ಹಿಡಿಯಬೇಕು.